ಸೂಜಿ ಕಣ್ಣು ದೊಡ್ಡದಾದ ಕಥೆ

ಚಿಕ್ಕಮಗಳೂರಿನ ಓದುಗರೊಬ್ಬರ ಪ್ರಶ್ನೆ: 'ಶ್ರೀಮಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿ ಕಣ್ಣಲ್ಲಿ ನುಗ್ಗುವುದು ಸುಲಭ ಅಂತ ಯೇಸು ಹೇಳಿದ್ದಾರಲ್ಲ. ಸೂಜಿ ಕಣ್ಣು ಅಂದ್ರೆ ಜೆರುಸಲೇಮ್ ಕೋಟೆಯ ಒಂದು ಸಣ್ಣ ಬಾಗಿಲಂತೆ. ಹೇರು ಇಳಿಸಿ ಮಂಡಿಯೂರಿದರೆ ಒಂಟೆ ತೂರುತ್ತಿತ್ತಂತೆ. ಚರ್ಚಿನ ಪ್ರಸಂಗದಲ್ಲಿ ಕೇಳಿದೆ. ನಿಜಾನಾ?'

ನಿಜ ಅಲ್ಲ. ಯೇಸುವಿನ ಕಾಲದಲ್ಲಿ ಆ ಹೆಸರಿನ ಬಾಗಿಲಿತ್ತು ಅನ್ನೋದಕ್ಕೆ ಪುರಾವೆಯೇ ಇಲ್ಲ. ಈ ಕಥೆ ಕಾಣಿಸಿಕೊಳ್ಳುವುದೇ ನೂರಾರು ವರ್ಷ ಆದ ಮೇಲೆ. ಯೇಸು ಹೇಳಿದ್ದು ಹೊಲಿಯುವ ಸೂಜಿಯನ್ನೇ. ಬೇಕಾದ್ರೆ ನಮ್ಮ ಕಡೆ ಕಾಫಿ ಚೀಲದ ಬಾಯಿ ಹೊಲಿಯುವ ದಬ್ಬಳ ಅಂತಲೇ ಇಟ್ಟುಕೊಳ್ಳಿ. ಅದಕ್ಕೆ ಗೋಣಿದಾರ ಪೋಣಿಸೋದಕ್ಕೇ ತುದಿಗೆ ಎಂಜಲು ಹಚ್ಚಿ ಹೊಸೆಯಬೇಕು. ಒಂಟೆಯ ಮಾತೆಲ್ಲಿ?

ಈ ಮಾತು ಬರುವ ಬೈಬಲಿನ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯ ಓದಿ ನೋಡಿ. ಶಿಷ್ಯರೇ ಬೆಚ್ಚಿಬಿದ್ದು, ಹಾಗಾದ್ರೆ ರಕ್ಷಣೆ ಸಿಗೋದು ಯಾರಿಗೆ ಅಂತ ಕೇಳುತ್ತಾರೆ. ಮಂಡಿಯೂರಿದರೆ ಆಗುವ ಕೆಲಸಕ್ಕೆ ಅಷ್ಟು ಗಾಬರಿ ಯಾಕೆ?

ಇಂಥ ಬಾಗಿಲು ಯಾರಿಗೆ ಬೇಕಿತ್ತು ಅನ್ನೋದೇ ನನಗೆ ಜಾಸ್ತಿ ಕುತೂಹಲ. ಕ್ರಿ.ಶ. ಸುಮಾರು 200ರ ಹೊತ್ತಿಗೇ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಕ್ರೈಸ್ತ ಗುರು ಕ್ಲೆಮೆಂಟ್ ಈ ಮಾತಿನ ಬಿಸಿ ಆರಿಸಲು ಕೂತಿದ್ದರು. ಅದು ವ್ಯಾಪಾರದ ಊರು, ಸಭೆಗೆ ಹಣವಂತರೂ ಬರುತ್ತಿದ್ದರು. ಬಿಡಬೇಕಾದ್ದು ಆಸ್ತಿಯಲ್ಲ, ಆಸ್ತಿಯ ಮೇಲಿನ ಆಸೆ ಅಂದರು. ಎಲ್ಲರೂ ಎಲ್ಲವನ್ನೂ ಬಿಟ್ಟರೆ ಹಸಿದವರಿಗೆ ಕೊಡೋರು ಯಾರು ಅಂತಲೂ ಕೇಳಿದರು. ತೆಗೆದುಹಾಕುವ ಮಾತೇನಲ್ಲ. ಆದರೆ ಮಾರ್ಕನ ಅದೇ ಅಧ್ಯಾಯದಲ್ಲಿ ದಾರಿ ಕೇಳಿ ಬಂದ ಶ್ರೀಮಂತನಿಗೆ ಯೇಸು ಹೇಳಿದ್ದು, ಇದ್ದದ್ದನ್ನು ಮಾರಿ ಬಡವರಿಗೆ ಕೊಡು ಅಂತ.

ಆಮೇಲೆ ರಾಜಕೀಯ ಬಂತು. 313ರಲ್ಲಿ ರೋಮಿನ ದೊರೆಗಳು ಕ್ರೈಸ್ತರಿಗೆ ಸ್ವಾತಂತ್ರ್ಯ ಕೊಟ್ಟರು. 380ರಲ್ಲಿ ಕ್ರೈಸ್ತ ಧರ್ಮವೇ ಸಾಮ್ರಾಜ್ಯದ ಅಧಿಕೃತ ಧರ್ಮವಾಯಿತು. ಯೇಸುವನ್ನು ಶಿಲುಬೆಗೇರಿಸಿದ ಸಾಮ್ರಾಜ್ಯವೇ ಅವರ ಹೆಸರಲ್ಲಿ ಆಳತೊಡಗಿತು. ಚರ್ಚಿಗೆ ಜಮೀನು ಬಂತು, ಬಿಷಪರಿಗೆ ಆಸ್ಥಾನದಲ್ಲಿ ಜಾಗ ಸಿಕ್ಕಿತು. ಅಂಥ ಕಡೆ ನಿಂತು ಸೂಜಿಯ ಮಾತನ್ನು ಇದ್ದಂತೆ ಹೇಳೋದು ಕಷ್ಟ, ಅಲ್ವಾ?

ಹೇಳಿದವರು ಇದ್ದರು. ಇಟಲಿಯ ಅಸ್ಸಿಸಿ ಊರಿನ ಸನ್ಯಾಸಿ ಫ್ರಾನ್ಸಿಸ್ ಏನೂ ಇಟ್ಟುಕೊಳ್ಳದೆ ಬದುಕಿ 1226ರಲ್ಲಿ ತೀರಿಕೊಂಡರು. 1228ರಲ್ಲಿ ಪೋಪ್ ಅವರನ್ನು ಸಂತ ಅಂತ ಸಾರಿದರು, ಮಾರನೇ ದಿನವೇ ಭಾರಿ ದೇವಾಲಯಕ್ಕೆ ಅಡಿಗಲ್ಲು ಬಿತ್ತು! ಫ್ರಾನ್ಸಿಸರ ಹಾದಿಯಲ್ಲಿ ಹಟ ಹಿಡಿದು ನಡೆದ ಸನ್ಯಾಸಿಗಳ ಗತಿ ಬೇರೆ. ಬಡತನದ ಗುರುತಾಗಿ ತೊಡುವ ತುಂಡು ಅಂಗಿ ಬಿಡಿ, ಮಠದಲ್ಲಿ ಕಣಜ ಇಟ್ಟುಕೊಳ್ಳೋದನ್ನು ಒಪ್ಪಿಕೊಳ್ಳಿ ಅಂತ ಪೋಪ್ 22ನೇ ಜಾನ್ ಆಜ್ಞೆ ಮಾಡಿದರು. ಒಪ್ಪದ ನಾಲ್ವರನ್ನು 1318ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಜೀವಂತ ಸುಟ್ಟರು. ಕಣಜ ಬೇಡ ಅಂದಿದ್ದಕ್ಕೆ! ಐದು ವರ್ಷದ ಮೇಲೆ, ಯೇಸು ಮತ್ತು ಅವರ ಪ್ರೇಷಿತರಿಗೆ, ಅಂದ್ರೆ ಮುಖ್ಯ ಶಿಷ್ಯರಿಗೆ, ಸ್ವಂತದ್ದು ಏನೂ ಇರಲಿಲ್ಲ ಅಂತ ವಾದಿಸುವುದೇ ಪಾಷಂಡ, ಧರ್ಮವಿರೋಧ ಅಂತ ಅದೇ ಪೋಪ್ ಘೋಷಿಸಿದರು.

ಇದೆಲ್ಲ ದೂರದ ಮಾತು ಅಂದುಕೊಳ್ಳಬೇಡಿ. ನಾನು ಚಿಕ್ಕವನಿದ್ದಾಗ ಹೋಗುತ್ತಿದ್ದ ಚರ್ಚಿನಲ್ಲಿ ಮುಂದಿನ ಬೆಂಚು ಎಸ್ಟೇಟ್ ಧಣಿಗಳದ್ದು, ಲೈನ್ ಮನೆಯ ತೋಟದ ಕೂಲಿಗಳು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ ಕೊಟ್ಟು ಬಡವನಿಗೆ ಅಲ್ಲೇ ನಿಲ್ಲು ಅನ್ನಬೇಡಿ ಅಂತ ಬೈಬಲಿನ ಯಾಕೋಬನ ಪತ್ರದ 2ನೇ ಅಧ್ಯಾಯದಲ್ಲಿ ಬರೆದೇ ಇದೆ. ಅದನ್ನು ಅದೇ ಚರ್ಚಿನಲ್ಲಿ ಗಟ್ಟಿಯಾಗಿ ಓದಿದ್ದು ಕೇಳಿದ್ದೇನೆ. ಓದಿದವರು ಮುಂದಿನ ಬೆಂಚಿನವರು.

ನಿಮ್ಮ ಫಾದರ್ ಬೇಕಂತಲೇ ಸುಳ್ಳು ಹೇಳಿರಲಾರರು. ಅವರಿಗೂ ಯಾರೋ ಹಾಗೇ ಹೇಳಿಕೊಟ್ಟಿರಬೇಕು. ಮುಂದಿನ ಸಲ ಸಿಕ್ಕಾಗ, ಮಾರ್ಕನ 10ನೇ ಅಧ್ಯಾಯದ 26ನೇ ವಚನದಲ್ಲಿ ಶಿಷ್ಯರು ಯಾಕೆ ಅಷ್ಟು ಬೆಚ್ಚಿದರು ಅಂತ ಸುಮ್ನೆ ಕೇಳಿ ನೋಡಿ.