ಬೀಡಿ ಸೇದುತ್ತಿದ್ದರು ಅಂತ ನೀವೇ ಬೇಡ ಅನ್ನಬೇಡಿ

ಮಿದುಳು ನಿಷ್ಕ್ರಿಯ ಅಂತ ಘೋಷಣೆಯಾದ ಮೇಲೆ ಅಂಗದಾನದ ಮಾತು ಬರುತ್ತದೆ. ಕಿಡ್ನಿ, ಲಿವರ್, ಕಣ್ಣಿಗೆ ಹೂಂ ಅಂದ ಮನೆಯವರು ಶ್ವಾಸಕೋಶದ ಹತ್ತಿರ ಬಂದು ನಿಂತುಬಿಡುತ್ತಾರೆ. "ಭಾಳ ಬೀಡಿ ಸೇದತಿದ್ದ ರೀ ಸಾಹೇಬ್ರ, ಅಂವನ ಪುಪ್ಪಸ ತಗೊಂಡು ಏನ್ ಮಾಡ್ತೀರಿ?" ಬ್ಯಾಡಗಿ ಕಡೆಯವರಾದರೆ ಮೆಣಸಿನಕಾಯಿ ಘಾಟು ಅನ್ನುತ್ತಾರೆ, ಗದಗ ಕಡೆಯವರಾದರೆ ಹತ್ತಿಯ ಧೂಳು. ಹುಬ್ಬಳ್ಳಿಯ ಐಸಿಯುನಲ್ಲಿ ಕೆಲಸ ಮಾಡುವ ನಾನು ಅವರಿಗೆ ಹೇಳುವುದು ಒಂದೇ ಮಾತು. ನೀವು ಮೊದಲೇ ಬೇಡ ಅನ್ನಬೇಡಿ, ಪರೀಕ್ಷೆ ಮಾಡಿ ನೋಡಲು ಬಿಡಿ. ನನ್ನ ಜೊತೆಯ ಡಾಕ್ಟರುಗಳಿಗೂ ಇದನ್ನೇ ಹೇಳುತ್ತೇನೆ.

ದಾನಕ್ಕೆ ಸಿಗುವ ಅಂಗಗಳಲ್ಲಿ ಬೇಗ ಕೆಡುವುದು ಶ್ವಾಸಕೋಶವೇ. ಐದು ದಾನಿಗಳಲ್ಲಿ ಹೆಚ್ಚುಕಮ್ಮಿ ಒಬ್ಬರದು ಮಾತ್ರ ಬಳಕೆಗೆ ಬರುತ್ತದೆ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ ಪ್ರಜ್ಞೆ ತಪ್ಪಿದಾಗಲೇ ವಾಂತಿ ಶ್ವಾಸನಾಳಕ್ಕೆ ಇಳಿದಿರಬಹುದು, ಆಮೇಲೆ ವೆಂಟಿಲೇಟರಿನಲ್ಲಿ ಸೋಂಕು ತಗಲಬಹುದು, ಸಾಲದ್ದಕ್ಕೆ ಮಿದುಳು ಸಾಯುವ ಹೊತ್ತಿಗೆ ದೇಹದಲ್ಲಿ ಅಡ್ರಿನಲಿನ್ ಉಕ್ಕಿ ಬಿಪಿ ಏರಿ ಶ್ವಾಸಕೋಶದೊಳಗೆ ನೀರು ತುಂಬಿಕೊಳ್ಳಬಹುದು.

ಪುಸ್ತಕದಲ್ಲಿರುವ ಆದರ್ಶ ದಾನಿಯ ವಯಸ್ಸು 55ರ ಒಳಗೆ. ಎಕ್ಸ್-ರೇ ಸ್ವಚ್ಛವಾಗಿರಬೇಕು. ಸಿಗರೇಟಿನ ಲೆಕ್ಕ, ದಿನಕ್ಕೊಂದು ಪ್ಯಾಕಿನಂತೆ 20 ವರ್ಷ ಮೀರಿರಬಾರದು. ಈ ಗೆರೆಗಳನ್ನು ಹಾಕಿದ್ದು ಬಹುಪಾಲು ಮೊದಮೊದಲ ಡಾಕ್ಟರುಗಳ ಅನುಭವದ ಮೇಲೆ, ದೊಡ್ಡ ಅಧ್ಯಯನಗಳ ಮೇಲಲ್ಲ. ಈಗ ಎಷ್ಟೋ ಕಡೆ ಇವನ್ನು ದಾಟಿ ಕಸಿ ಮಾಡುತ್ತಾರೆ. ಬ್ರಿಟನ್ನಿನಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. ಧೂಮಪಾನಿಗಳ ಶ್ವಾಸಕೋಶ ಪಡೆದವರ ಫಲಿತಾಂಶ ಉಳಿದವರಿಗಿಂತ ಸ್ವಲ್ಪ ಕಮ್ಮಿ ಇತ್ತು, ನಿಜ. ಆದರೆ ಅದು ಬೇಡ ಅಂತ ಪಟ್ಟಿಯಲ್ಲೇ ಕಾಯುತ್ತಾ ಉಳಿಯುವುದಕ್ಕಿಂತ ತೆಗೆದುಕೊಂಡವರಿಗೇ ಬದುಕುವ ಅವಕಾಶ ಜಾಸ್ತಿ ಇತ್ತು. ಕಾಯುವವರಿಗೆ ಕಿಡ್ನಿ ರೋಗಿಗಳಿಗಿರುವ ಡಯಾಲಿಸಿಸ್‌ನಂಥ ದಾರಿ ಇರುವುದಿಲ್ಲ ಅಲ್ವಾ?

ಬೇಡವೇ ಬೇಡ ಅನ್ನುವ ಸಂದರ್ಭಗಳೂ ಇವೆ. ಸಕ್ರಿಯ ಟಿಬಿ, ಶ್ವಾಸಕೋಶದ ಕ್ಯಾನ್ಸರ್. ಪ್ಯಾರಾಕ್ವಾಟ್ ಕಳೆನಾಶಕ ಕುಡಿದವರ ಶ್ವಾಸಕೋಶವೇ ಹಾಳಾಗಿರುತ್ತದೆ, ಅಲ್ಲಿ ಮಾತೇ ಇಲ್ಲ.

ಪರೀಕ್ಷೆ ಹೀಗೆ ನಡೆಯುತ್ತದೆ. ವೆಂಟಿಲೇಟರಿನಲ್ಲಿ ಸ್ವಲ್ಪ ಹೊತ್ತು ನೂರಕ್ಕೆ ನೂರು ಆಕ್ಸಿಜನ್ ಕೊಟ್ಟು, ಮಣಿಕಟ್ಟಿನ ರಕ್ತನಾಳದಿಂದ ಸಿರಿಂಜಿನಲ್ಲಿ ಒಂದಿಷ್ಟು ರಕ್ತ ತೆಗೆದು ಮಷಿನ್‌ಗೆ ಕೊಡುತ್ತೇವೆ. ರಕ್ತದಲ್ಲಿನ ಆಕ್ಸಿಜನ್ ಒತ್ತಡ 300 ಎಂಎಂಎಚ್‌ಜಿ ದಾಟಿದರೆ ಒಳ್ಳೆಯ ಲಕ್ಷಣ. ಆಮೇಲೆ ಶ್ವಾಸನಾಳದೊಳಗೆ ಬ್ರಾಂಕೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ತೆಳು ಕೊಳವೆ, ಇಳಿಸುತ್ತೇವೆ. ಕಫ ಇರಬಹುದು, ಆದರೆ ಒಮ್ಮೆ ಎಳೆದು ತೆಗೆದ ಮೇಲೆ ಮತ್ತೆ ಒಳಗಿನಿಂದ ಕೀವು ಒಸರುತ್ತಿದೆಯಾ ಅನ್ನುವುದು ಮುಖ್ಯ. ಒಸರದಿದ್ದರೆ ಆಸೆ ಇದೆ. ರಕ್ತದ ಗುಂಪು ಹೊಂದಬೇಕು. ಅಳತೆಯೂ ಹೊಂದಬೇಕು, ಅದನ್ನು ನೋಡುವುದು ಎತ್ತರ ಮತ್ತು ಲಿಂಗದಿಂದ, ತೂಕದಿಂದಲ್ಲ. ಆಳು ದಪ್ಪಗಾದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲ.

ಆ ನಂಬರ್ 300ಕ್ಕಿಂತ ಕೆಳಗೆ ಬಂತು ಅಂತ ಅಲ್ಲಿಗೇ ಕೈಬಿಡಬೇಡಿ. ಇದು ನನ್ನ ಸಹೋದ್ಯೋಗಿಗಳಿಗೆ. ಕೆಲವು ಗಂಟೆ ಸರಿಯಾಗಿ ನೋಡಿಕೊಂಡರೆ ಅದೇ ದಾನಿಯ ನಂಬರ್ ಏರುವುದುಂಟು. ನಮ್ಮ ಕಾನೂನಿನ ಪ್ರಕಾರ ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಮಿದುಳು ಸಾವಿನ ಪರೀಕ್ಷೆ ಮಾಡಬೇಕು. ಅದರಲ್ಲಿ ಉಸಿರಾಟದ ಪರೀಕ್ಷೆಗೆ ವೆಂಟಿಲೇಟರ್ ಬಿಡಿಸಿದಾಗ ಶ್ವಾಸಕೋಶ ಗಾಳಿ ಹೋದ ಬಲೂನಿನಂತೆ ಮುದುಡಿಕೊಳ್ಳುತ್ತದೆ. ಮತ್ತೆ ಜೋಡಿಸಿದ ಕೂಡಲೇ ಒತ್ತಡ ಕೊಟ್ಟು ಅರಳಿಸಬೇಕು. ಇಷ್ಟು ಮಾಡಲು ಮರೆತು ಎಕ್ಸ್-ರೇ ನೋಡಿ ಬೇಡ ಅಂದರೆ ಹೇಗೆ?

ಇನ್ನೊಂದು ಡ್ರಿಪ್ಪಿನ ವಿಷಯ. ಮಿದುಳು ನಿಂತವರಿಗೆ ಮೂತ್ರ ವಿಪರೀತ ಹೋಗುತ್ತದೆ, ಬಿಪಿ ಬೀಳುತ್ತದೆ, ನಾವು ಕಿಡ್ನಿ ಉಳಿಸಲಿಕ್ಕೆ ಅಂತ ಬಾಟಲಿ ಮೇಲೆ ಬಾಟಲಿ ಸುರಿಯುತ್ತೇವೆ. ಆ ನೀರೆಲ್ಲ ಶ್ವಾಸಕೋಶ ಸೇರುತ್ತದೆ. ಮೂತ್ರ ತಗ್ಗಿಸಿ ಬಿಪಿ ಏರಿಸುವ ವಾಸೊಪ್ರೆಸಿನ್ ಹಾರ್ಮೋನ್ ಬೇಗ ಶುರು ಮಾಡಿ ನೀರನ್ನು ಹಿಡಿತದಲ್ಲಿಟ್ಟರೆ ಎರಡೂ ಉಳಿಯುತ್ತವೆ. ವೆಂಟಿಲೇಟರಿನಲ್ಲೂ ಅಷ್ಟೇ, ಒಂದೊಂದು ಉಸಿರಿಗೆ, ಎತ್ತರಕ್ಕೆ ತಕ್ಕ ತೂಕದ ಕೆಜಿಗೆ 6ರಿಂದ 8 ಮಿಲಿ ಗಾಳಿ ಸಾಕು. ಯುರೋಪಿನ ಐಸಿಯುಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಮೃದು ವೆಂಟಿಲೇಷನ್‌ನಿಂದ ಬಳಕೆಗೆ ಬಂದ ಶ್ವಾಸಕೋಶದ ಪ್ರಮಾಣ ಶೇ 27ರಿಂದ ಶೇ 54ಕ್ಕೆ ಏರಿತು. ಹೊಸ ಮಷಿನ್ ಏನೂ ಬೇಕಾಗಲಿಲ್ಲ. ನಮ್ಮ ಊರಿನ ಐಸಿಯುಗಳಲ್ಲಿ ಇವತ್ತೇ ಮಾಡಬಹುದಾದ ಕೆಲಸ ಇದು.

ದೂರದ ಲೆಕ್ಕವೂ ಇದೆ. ಹೊರತೆಗೆದ ಶ್ವಾಸಕೋಶ ಐಸ್ ಪೆಟ್ಟಿಗೆಯಲ್ಲಿ ತಾಳುವುದು ಸಾಮಾನ್ಯವಾಗಿ 6 ಗಂಟೆ. ಅದನ್ನು ಖಾಲಿ ಮಾಡಿ ಕಳಿಸುವುದಿಲ್ಲ, ಆಕ್ಸಿಜನ್ ತುಂಬಿ ಅರ್ಧ ಉಬ್ಬಿಸಿಯೇ ಶ್ವಾಸನಾಳ ಮುಚ್ಚುತ್ತಾರೆ, ಒಳಗಿನ ಜೀವಕೋಶಗಳು ಅದರಲ್ಲೇ ಬದುಕಿರುತ್ತವೆ. ಹುಬ್ಬಳ್ಳಿಯಿಂದ ಕಸಿ ನಡೆಯುವ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 400 ಕಿ.ಮೀ., ಆ ಹೊತ್ತೆಲ್ಲ ದಾರಿಯಲ್ಲೇ ಮುಗಿಯುತ್ತದೆ. ಹಾಗಾಗಿ ವಿಮಾನವೇ ಬೇಕು. ಅದಕ್ಕೇ ಅಂಗದಾನ ನೋಡಿಕೊಳ್ಳುವ ರಾಜ್ಯದ 'ಜೀವಸಾರ್ಥಕತೆ' ಸಂಸ್ಥೆಗೆ ಬೇಗ ತಿಳಿಸಬೇಕು.

ಇಷ್ಟೆಲ್ಲ ಆದರೂ, ಎದೆ ತೆರೆದು ಕೈಯಲ್ಲಿ ಮುಟ್ಟಿ ನೋಡಿದ ಸರ್ಜನ್ ಬೇಡ ಅನ್ನಬಹುದು. ಇದನ್ನು ಮನೆಯವರಿಗೆ ಸಹಿ ಹಾಕಿಸುವಾಗಲೇ ಹೇಳಬೇಕು. ಹಾಗೆ ಹೇಳಿದ ಮೇಲೆ, "ನೋಡ್ರಿ, ಉಪಯೋಗ ಆದ್ರ ಆಗ್ಲಿ" ಅಂತ ಒಪ್ಪುವವರೇ ಜಾಸ್ತಿ.