ಆಂಬುಲೆನ್ಸ್ ಹುಡುಗನ ಹತ್ತಿರ ಪಾದ್ರಿ ಯಾಕೆ ಬಂದರು?

ಪ್ರಶ್ನೆ: ನಮ್ಮ ಮಗ ಅಮೆರಿಕದಲ್ಲಿ ಆಂಬುಲೆನ್ಸ್ ಸೇವೆಯಲ್ಲಿದ್ದಾನೆ. ಹೆದ್ದಾರಿಯಲ್ಲಿ ದೊಡ್ಡ ಅಪಘಾತ ಆದ ಮೇಲೆ ‘ಚಾಪ್ಲಿನ್’ ಅಂತ ಒಬ್ಬರು ಸ್ಟೇಷನ್ನಿಗೆ ಬಂದು ಇವನ ಜೊತೆ ತುಂಬಾ ಹೊತ್ತು ಕೂತಿದ್ದರಂತೆ. ಅವರು ಚರ್ಚಿನ ಪಾದ್ರಿ. ನಾವು ಹಿಂದೂಗಳು. ಮತಾಂತರಕ್ಕೇನಾದರೂ ಬಂದಿದ್ದಾರಾ? ಮನಸ್ಸಿನ ತೊಂದರೆಗೆ ಡಾಕ್ಟರನ್ನು ಬಿಟ್ಟು ಪಾದ್ರಿ ಯಾಕೆ?

ಉತ್ತರ: ಅಷ್ಟು ದೂರದಲ್ಲಿ ಮಗನನ್ನು ಬಿಟ್ಟು ಕೂತವರಿಗೆ ಈ ಭಯ ಬರೋದು ಸಹಜ. ಆದರೆ ಚಾಪ್ಲಿನ್ ಅಂದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್, ಸೇನೆಯಂಥ ಕಡೆ ಸಿಬ್ಬಂದಿಯ ಮನಸ್ಸಿಗೆ ಆಸರೆಯಾಗಲು ಇರುವ ಧರ್ಮಗುರು, ಮತಾಂತರ ಅವರ ಕೆಲಸ ಅಲ್ಲ. ಡ್ಯೂಟಿಯ ಮೇಲೆ ಬಂದ ಚಾಪ್ಲಿನ್ ತನ್ನ ಧರ್ಮದ ಪ್ರಚಾರ ಮಾಡಬಾರದು ಅನ್ನೋದು ಆ ಕೆಲಸದ ಮೂಲ ನಿಯಮ. ಎದುರಿಗಿರುವವರು ಕೇಳಿದರೆ ಪ್ರಾರ್ಥನೆ, ಇಲ್ಲದಿದ್ದರೆ ಇಲ್ಲ. ನ್ಯೂಯಾರ್ಕ್ ಪೊಲೀಸ್ ಇಲಾಖೆಯಲ್ಲಿ ಪಾದ್ರಿಗಳ ಜೊತೆ ಯಹೂದಿ ರಬ್ಬಿಗಳು, ಮುಸ್ಲಿಂ ಇಮಾಮರು ಕೂಡ ಈ ಕೆಲಸ ಮಾಡುತ್ತಾರೆ. ಅಮೆರಿಕದ ಸೇನೆಗೆ 2011ರಲ್ಲಿ ಮೊದಲ ಹಿಂದೂ ಚಾಪ್ಲಿನ್ ಬಂದರು. ಯಾರಾದರೂ ಆ ಗೆರೆ ದಾಟಿದರೆ ನಿಮ್ಮ ಮಗ ‘ಬೇಡ’ ಅನ್ನಬಹುದು, ಮೇಲಧಿಕಾರಿಗೆ ದೂರು ಕೊಡಬಹುದು.

ಇನ್ನು, ಪಾದ್ರಿ ಯಾಕೆ ಅನ್ನೋದು. ಇದಕ್ಕೆ ದೊಡ್ಡ ಕಾರಣ ಕೆಲಸ ಹೋಗುವ ಭಯ. ‘ನಿದ್ದೆ ಬರ್ತಿಲ್ಲ, ಆ ಮಗುವಿನ ಮುಖ ಕಣ್ಣಮುಂದಿಂದ ಹೋಗ್ತಿಲ್ಲ’ ಅಂತ ಒಬ್ಬ ಪೊಲೀಸ್ ಇಲಾಖೆಯ ಮುಂದೆ ಹೇಳಿಕೊಂಡರೆ, ಡ್ಯೂಟಿಗೆ ಯೋಗ್ಯನೋ ಅಲ್ಲವೋ ಅಂತ ಪರೀಕ್ಷೆಗೆ ಕಳಿಸಬಹುದು, ಗನ್ ವಾಪಸ್ ತೆಗೆದುಕೊಂಡು ಟೇಬಲ್ ಕೆಲಸಕ್ಕೆ ಕೂರಿಸಬಹುದು. ಅದಕ್ಕೇ ಎಷ್ಟೋ ಜನ ಬಾಯಿ ಬಿಡೋದೇ ಇಲ್ಲ. ಚಾಪ್ಲಿನ್ ಹತ್ತಿರ ಆಡಿದ ಮಾತು ಸರ್ವಿಸ್ ಫೈಲಿಗೆ ಹೋಗಲ್ಲ. ಧರ್ಮಗುರುವಿನ ಹತ್ತಿರ ಗುಟ್ಟಾಗಿ ಹೇಳಿಕೊಂಡದ್ದಕ್ಕೆ ಅಮೆರಿಕದ ರಾಜ್ಯಗಳ ಕಾನೂನಿನಲ್ಲಿ ರಕ್ಷಣೆ ಇದೆ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ, ಮಕ್ಕಳ ಮೇಲೆ ದೌರ್ಜನ್ಯದ ವಿಷಯ ಬಂದರೆ ಕೆಲವು ವಿನಾಯಿತಿಗಳಿವೆ, ಅವು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಒಳ್ಳೆಯ ಚಾಪ್ಲಿನ್ ಅನಾಹುತ ಆದ ದಿನ ಮೊದಲ ಸಲ ಮುಖ ತೋರಿಸುವವರಲ್ಲ. ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಏನೂ ಆಗದ ದಿನ ಸ್ಟೇಷನ್ನಿನ ಅಡುಗೆಮನೆಯಲ್ಲಿ ಹುಡುಗರ ಜೊತೆ ಕಾಫಿ ಕುಡಿಯುತ್ತಾರೆ, ಪೊಲೀಸ್ ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ರಾತ್ರಿಯಿಡೀ ಸುತ್ತುತ್ತಾರೆ, ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಸಂಸಾರ ಸರಿಯಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ. ಬೆಂಕಿ ಬಿದ್ದ ಜಾಗದಲ್ಲಿ ಹೆಲ್ಮೆಟ್ ತೆಗೆದು ಏದುಸಿರು ಬಿಡುತ್ತಾ ಕೂತವನಿಗೆ ನೀರಿನ ಬಾಟಲ್ ಕೊಟ್ಟು ಸುಮ್ನೆ ಪಕ್ಕದಲ್ಲಿ ನಿಲ್ಲುತ್ತಾರೆ. ಸಾವಿನ ಸುದ್ದಿ ಹೇಳಲು ಪೊಲೀಸರು ಒಂದು ಮನೆಯ ಬಾಗಿಲು ತಟ್ಟುವಾಗ ಎಷ್ಟೋ ಸಲ ಇವರೂ ಜೊತೆಗಿರುತ್ತಾರೆ. ಮನೆಯವರನ್ನು ಕೂರಿಸಿ, ಸುತ್ತಿಬಳಸದೆ ವಿಷಯ ಹೇಳಿ, ಪೊಲೀಸರು ಹೊರಟ ಮೇಲೂ ನೆಂಟರು ಬರುವ ತನಕ ಅಲ್ಲೇ ಇರುತ್ತಾರೆ. ಹೀಗೆ ಜೊತೆಗೇ ಇದ್ದು ನೋಡಿದವರ ಹತ್ತಿರ ಬಾಯಿ ಬಿಡೋದು ಸುಲಭ, ಅಲ್ವಾ?

ನ್ಯೂಯಾರ್ಕ್ ಅಗ್ನಿಶಾಮಕ ದಳದ ಚಾಪ್ಲಿನ್ ಆಗಿದ್ದ ಫಾದರ್ ಮೈಕಲ್ ಜಡ್ಜ್ ಅವರನ್ನು ಇಲ್ಲಿ ನೆನೆಯಲೇಬೇಕು. ಫ್ರಾನ್ಸಿಸ್ಕನ್ ಸನ್ಯಾಸಿ, 1992ರಿಂದ ಈ ಕೆಲಸದಲ್ಲಿದ್ದವರು. ತಾವೇ ಒಂದು ಕಾಲಕ್ಕೆ ಕುಡಿತದ ಚಟದಲ್ಲಿ ಸಿಕ್ಕಿ ಹೊರಬಂದಿದ್ದರು, ಹಾಗಾಗಿ ಅದರಲ್ಲಿ ಬಿದ್ದವರ ಕಷ್ಟ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 2001ರ ಸೆಪ್ಟೆಂಬರ್ 11ರಂದು ವರ್ಲ್ಡ್ ಟ್ರೇಡ್ ಸೆಂಟರಿನ ಅವಳಿ ಗೋಪುರಗಳ ಮೇಲೆ ಭಯೋತ್ಪಾದಕರ ದಾಳಿ ಆದಾಗ, ತಮ್ಮ ಹುಡುಗರ ಜೊತೆ ಉತ್ತರ ಗೋಪುರದ ಲಾಬಿಯಲ್ಲಿದ್ದರು; ಪಕ್ಕದ ದಕ್ಷಿಣ ಗೋಪುರ ಕುಸಿದು, ಅದರ ಅವಶೇಷಗಳು ಅಪ್ಪಳಿಸಿ ತೀರಿಹೋದರು. ಆ ದಾಳಿಯಲ್ಲಿ ಸತ್ತವರ ಅಧಿಕೃತ ಪಟ್ಟಿಯಲ್ಲಿ ಮೊದಲ ಸಂಖ್ಯೆ ಅವರದು. ಅಂದು ದಳದ 343 ಜನ ಹೋದರು. ಉಳಿದವರು ತಿಂಗಳುಗಟ್ಟಲೆ ಒಂದು ಕಡೆ ಗೆಳೆಯರ ಅಂತ್ಯಕ್ರಿಯೆ, ಇನ್ನೊಂದು ಕಡೆ ಅವಶೇಷ ಅಗೆಯುವ ಕೆಲಸ ಅಂತ ಓಡಾಡಿದರು. ಇಂಥವರಿಗೆ ಬರೀ ‘ಧೈರ್ಯ ತಂದುಕೊಳ್ಳಿ’ ಅಂದರೆ ಸಾಲುತ್ತಾ?

ಹಾಗಂತ ಚಾಪ್ಲಿನ್ ಚಿಕಿತ್ಸೆ ಕೊಡುವವರಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಘಟನೆ ಆಗಿ ಒಂದು ತಿಂಗಳು ದಾಟಿದರೂ ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚಿಬೀಳೋದು, ಆ ರಸ್ತೆಗೇ ಹೋಗದೆ ತಪ್ಪಿಸಿಕೊಳ್ಳೋದು, ಕುಡಿತ ಜಾಸ್ತಿಯಾಗೋದು ಇದ್ದರೆ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರನ್ನು ಕಾಣಲೇಬೇಕು. ಅದಕ್ಕೆ ಒಳ್ಳೆಯ ಚಿಕಿತ್ಸೆಗಳಿವೆ. ಚೆನ್ನಾಗಿ ತರಬೇತಿಯಾದ ಚಾಪ್ಲಿನ್ ತಾನೇ ಅಲ್ಲಿಗೆ ಕಳಿಸುತ್ತಾರೆ. ಹಾಗೆಯೇ, ಅಪಘಾತದ ಮರುದಿನವೇ ಎಲ್ಲರನ್ನೂ ಸುತ್ತ ಕೂರಿಸಿ ‘ಏನು ನೋಡಿದಿರಿ, ಹೇಳಿ’ ಅಂತ ಒಂದೇ ಸಲಕ್ಕೆ ಎಲ್ಲವನ್ನೂ ಹೊರತೆಗೆಸುವ ಪದ್ಧತಿ ಹಿಂದೆ ತುಂಬಾ ನಡೆಯುತ್ತಿತ್ತು. ಅದನ್ನು ರೂಢಿಯಾಗಿ ಮಾಡಬೇಡಿ ಅಂತ ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2005ರಲ್ಲೇ ಹೇಳಿದೆ. ಮಾತಾಡು ಅಂತ ಒತ್ತಾಯಿಸುವುದರಿಂದ ಗಾಯ ವಾಸಿಯಾಗಲ್ಲ.

ಇದು ಹಗುರವಾದ ವಿಷಯವೂ ಅಲ್ಲ. ಅಮೆರಿಕದ ದತ್ತಿ ಸಂಸ್ಥೆ ರುಡರ್‌ಮನ್ ಫ್ಯಾಮಿಲಿ ಫೌಂಡೇಶನ್ 2018ರಲ್ಲಿ ಹೊರತಂದ ವರದಿಯ ಪ್ರಕಾರ, 2017ರಲ್ಲಿ ಅಮೆರಿಕದಲ್ಲಿ ಕನಿಷ್ಠ 103 ಅಗ್ನಿಶಾಮಕ ಸಿಬ್ಬಂದಿ ಆತ್ಮಹತ್ಯೆ ಮಾಡಿಕೊಂಡರು. ಡ್ಯೂಟಿಯಲ್ಲಿ ಸತ್ತವರು 93.

ಮಗ ಫೋನ್ ಮಾಡಿದಾಗ ‘ಏನಾಯ್ತು, ಎಷ್ಟು ಜನ ಸತ್ತರು’ ಅಂತ ಕೆದಕಬೇಡಿ. ಊಟ, ನಿದ್ದೆ, ರಜೆ ಬಗ್ಗೆ ಕೇಳಿ. ಅವನಾಗಿ ಶುರು ಮಾಡಿದರೆ ಮಧ್ಯೆ ಬುದ್ಧಿ ಹೇಳದೆ ಪೂರ್ತಿ ಕೇಳಿಸಿಕೊಳ್ಳಿ. ‘ಆ ಕೆಲಸ ಬಿಟ್ಟು ಬಾ’ ಅಂತ ಅದೇ ಹೊತ್ತಿಗೆ ಹೇಳಿದರೆ ಮುಂದಿನ ಸಲ ಅವನು ನಿಮಗೆ ಏನೂ ಹೇಳಲ್ಲ. ಬದುಕೇ ಬೇಡ ಅನ್ನುವ ಮಾತು ಬಂದರೆ ಮಾತ್ರ ಕಾಯಬೇಡಿ. ಅಲ್ಲಿ ಅವನು ಆತ್ಮಹತ್ಯೆ ತಡೆಯುವ ಸಹಾಯವಾಣಿ 988 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಮೆಸೇಜ್ ಕೂಡ ಕಳಿಸಬಹುದು. ಇಲ್ಲಿ ನಿಮಗೇ ಇದೇ ಚಿಂತೆಯಲ್ಲಿ ನಿದ್ದೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, ಸಂಖ್ಯೆ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಮ್ಮ 108ರ ಸಿಬ್ಬಂದಿಯ ಮನೆಯವರು ಇದನ್ನು ಓದುತ್ತಿದ್ದರೆ ನಿಮಗೂ ಅದೇ ಸಂಖ್ಯೆ.