ಬಟ್ಟೆ ಒಗೆತದಲ್ಲಿ ನೀರು ಮತ್ತು ವಿದ್ಯುತ್ತಿನ ಉಳಿತಾಯ: ಹಿಂಡಿ ಜಾಲಿಸುವ ಲೆಕ್ಕ

ಮನೆಯಲ್ಲಿ ಬಟ್ಟೆ ಒಗೆಯುವಾಗ ನೀರಿನ ದೊಡ್ಡ ಪಾಲು ಜಾಲಿಸುವುದಕ್ಕೆ ಹೋಗುತ್ತದೆ. ಬಿಸಿನೀರಿನಲ್ಲಿ ಒಗೆಯುವ ಮನೆಗಳಲ್ಲಿ ವಿದ್ಯುತ್ತಿನ ದೊಡ್ಡ ಪಾಲು ನೀರು ಕಾಯಿಸುವುದಕ್ಕೆ ಹೋಗುತ್ತದೆ. ಇವೆರಡನ್ನು ಹಿಡಿತಕ್ಕೆ ತಂದರೆ ಉಳಿದ ಸಣ್ಣಪುಟ್ಟ ಉಪಾಯಗಳ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಟಿಪ್ಪಣಿಯಲ್ಲಿ ಜಾಲಿಸುವ ವಿಷಯವನ್ನೇ ಹೆಚ್ಚು ವಿಸ್ತಾರವಾಗಿ ನೋಡೋಣ.

ಮಂಡ್ಯದ ನಮ್ಮ ಮನೆಯಲ್ಲಿ ಒಗೆಯುವ ಕಲ್ಲಿನ ಪಕ್ಕದಲ್ಲಿ ಕೈತಕ್ಕಡಿ ತೂಗುಹಾಕಿ ಒಂದು ಟವೆಲನ್ನು ತೂಗಿದೆ. ಒಣಗಿದ್ದಾಗ ಅದು 400 ಗ್ರಾಂ ಇತ್ತು. ಸೋಪಿನ ನೀರಿನಿಂದ ಎತ್ತಿ, ನೀರು ಸುರಿಯುತ್ತಿದ್ದ ಹಾಗೆಯೇ ತೂಗಿದಾಗ 1.6 ಕಿಲೋ ಆಯಿತು. ಅಮ್ಮ ಅದನ್ನೇ ಎರಡು ಕೈಯಲ್ಲಿ ತಿರುಚಿ ಗಟ್ಟಿಯಾಗಿ ಹಿಂಡಿಕೊಟ್ಟ ಮೇಲೆ 800 ಗ್ರಾಮಿಗೆ ಇಳಿಯಿತು. ಅಂದರೆ ಹಿಂಡದ ಟವೆಲು 1.2 ಲೀಟರ್ ಸೋಪಿನ ನೀರನ್ನು ಮುಂದಿನ ಬಕೆಟ್ಟಿಗೆ ಹೊತ್ತೊಯ್ಯುತ್ತದೆ, ಹಿಂಡಿದ ಟವೆಲು ಹೊತ್ತೊಯ್ಯುವುದು ಅದರ ಮೂರನೇ ಒಂದು ಭಾಗವನ್ನು ಮಾತ್ರ.

ಈಗ ಇಂತಹ ಐದು ಟವೆಲುಗಳಷ್ಟು, ಅಂದರೆ ಸುಮಾರು 2 ಕಿಲೋ ಬಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಹಿಂಡಿದ ಮೇಲೆ ಅದರಲ್ಲಿ 2 ಲೀಟರ್ ಸೋಪಿನ ನೀರು ಉಳಿದಿರುತ್ತದೆ. ಅದನ್ನು 28 ಲೀಟರ್ ನೀರಿನಲ್ಲಿ ಒಂದೇ ಸಲ ಜಾಲಿಸಿ ಹಿಂಡಿದರೆ, ಒಟ್ಟು 30 ಲೀಟರಿನಲ್ಲಿ ಹರಡಿಕೊಂಡ ಸೋಪಿನ ಹದಿನೈದನೇ ಒಂದು ಭಾಗ ಬಟ್ಟೆಯಲ್ಲಿ ಉಳಿಯುತ್ತದೆ. ಅದೇ ಬಟ್ಟೆಯನ್ನು 8 ಲೀಟರ್ ನೀರಿನಲ್ಲಿ ಜಾಲಿಸಿ, ಹಿಂಡಿ, ಮತ್ತೆ ಹೊಸದಾಗಿ 8 ಲೀಟರಿನಲ್ಲಿ ಜಾಲಿಸಿ ಹಿಂಡಿದರೆ, ಮೊದಲ ಸಲ ಐದನೇ ಒಂದು ಭಾಗ, ಎರಡನೇ ಸಲ ಅದರ ಐದನೇ ಒಂದು ಭಾಗ, ಒಟ್ಟಿನಲ್ಲಿ ಇಪ್ಪತ್ತೈದನೇ ಒಂದು ಭಾಗ ಮಾತ್ರ ಉಳಿಯುತ್ತದೆ. ಖರ್ಚಾದ ನೀರು 16 ಲೀಟರ್. ಹನ್ನೆರಡು ಲೀಟರ್ ಉಳಿದೂ ಬಟ್ಟೆ ಇನ್ನಷ್ಟು ಸ್ವಚ್ಛವಾಯಿತು. ಇದೇ 16 ಲೀಟರನ್ನು ಹಿಂಡದ ಬಟ್ಟೆಗೆ ಬಳಸಿದ್ದರೆ ಸೋಪಿನ ಸುಮಾರು ಐದನೇ ಒಂದು ಭಾಗ ಹಾಗೆಯೇ ಉಳಿದುಬಿಡುತ್ತಿತ್ತು. ಸೋಪು ನೀರಿನಲ್ಲಿ ಪೂರ್ತಿ ಬೆರೆಯುತ್ತದೆ ಎಂದು ಇಲ್ಲಿ ಭಾವಿಸಿದ್ದೇವೆ. ವಾಸ್ತವದಲ್ಲಿ ಸ್ವಲ್ಪ ಸೋಪು ನೂಲಿಗೆ ಅಂಟಿಕೊಂಡಿರುವುದರಿಂದ ಪ್ರತಿ ಸಲವೂ ಬಟ್ಟೆಯನ್ನು ನೀರಿನಲ್ಲಿ ಚೆನ್ನಾಗಿ ಅಲ್ಲಾಡಿಸುವುದು ಅವಶ್ಯ. ನಲ್ಲಿಯನ್ನು ಬಿಟ್ಟುಕೊಂಡೇ ಜಾಲಿಸುವವರು ತಮ್ಮ ನಲ್ಲಿಯನ್ನು ಒಮ್ಮೆ ಅಳೆದು ನೋಡಬೇಕು. ನಮ್ಮದು 15 ಲೀಟರಿನ ಬಕೆಟ್ಟನ್ನು ಒಂದೂವರೆ ನಿಮಿಷದಲ್ಲಿ ತುಂಬಿಸುತ್ತದೆ, ಆದ್ದರಿಂದ ಎಂಟು ನಿಮಿಷದ ಜಾಲಿಸುವಿಕೆಗೆ 80 ಲೀಟರ್ ಹೋಗುತ್ತದೆ.

ಸೋಪು ಹೆಚ್ಚಾದಷ್ಟೂ ಜಾಲಿಸುವ ನೀರು ಹೆಚ್ಚಾಗುತ್ತದೆ. ಗಡಸು ನೀರು ಬರುವ ಬೋರ್‌ವೆಲ್ಲಿನ ಮನೆಗಳಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಸೇರಿ ಕರಗದ ಗಸಿಯಾಗುತ್ತವೆ; ಹಾಕಿದ ಸೋಪಿನ ಒಂದು ಪಾಲು ಹೀಗೆ ವ್ಯರ್ಥವಾಗುವುದರಿಂದ ನೊರೆ ಬರುವುದಿಲ್ಲ, ನೊರೆ ಬರಲಿಲ್ಲವೆಂದು ನಾವು ಇನ್ನಷ್ಟು ಉಜ್ಜುತ್ತೇವೆ. ಡಿಟರ್ಜೆಂಟ್ ಪುಡಿಗೆ ಈ ತೊಂದರೆ ಕಡಿಮೆ. ಮಳೆನೀರಿನಲ್ಲಿ ಈ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಅದು ಒಗೆಯಲು ಬಹಳ ಒಳ್ಳೆಯದು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ಎಂಬ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಿ.

ವಾಷಿಂಗ್ ಮೆಷಿನ್ನಿನಲ್ಲಿ ಕೈಯಿಂದ ಹಿಂಡುವುದರ ಬದಲಿಗೆ ಸ್ಪಿನ್ ಇದೆ. ಸೆಮಿ ಆಟೊಮ್ಯಾಟಿಕ್ ಯಂತ್ರ ಬಳಸುವವರು ಸೋಪಿನ ನೀರಿನಿಂದ ತೆಗೆದ ಬಟ್ಟೆಯನ್ನು ನೇರವಾಗಿ ಜಾಲಿಸಲು ಹಾಕದೆ, ಮೊದಲು ಸ್ಪಿನ್ ತೊಟ್ಟಿಯಲ್ಲಿ ಒಂದು ನಿಮಿಷ ತಿರುಗಿಸಿದರೆ ಮೇಲಿನ ಲೆಕ್ಕವೇ ಅಲ್ಲಿಯೂ ಅನ್ವಯಿಸುತ್ತದೆ. ಮುಂದೆ ಬಾಗಿಲಿರುವ ಯಂತ್ರಗಳು ಸಾಮಾನ್ಯವಾಗಿ ಮೇಲೆ ಬಾಗಿಲಿರುವವುಗಳಿಗಿಂತ ಕಡಿಮೆ ನೀರು ಬಳಸುತ್ತವೆ. ಯಾವ ಯಂತ್ರವಾದರೂ ಒಂದೆರಡು ಅಂಗಿಗಳಿಗಾಗಿ ಓಡಿಸದೆ, ಅದರ ಅಳತೆಗೆ ತಕ್ಕಷ್ಟು ಬಟ್ಟೆ ಸೇರಿದ ಮೇಲೆ ಹಾಕಬೇಕು.

ಇನ್ನು ಶಾಖದ ವಿಷಯ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು, ಒಂದು ಯೂನಿಟ್ ವಿದ್ಯುತ್ತೆಂದರೆ 3,600 ಕಿಲೋಜೂಲ್. ಹಾಗಾಗಿ 15 ಲೀಟರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು 0.6 ಯೂನಿಟ್ ಆದರೆ, 40ಕ್ಕೆ ಏರಿಸಲು 0.26 ಯೂನಿಟ್ ಸಾಕು. ದಿನನಿತ್ಯದ ಬೆವರು, ಧೂಳಿಗೆ ತಣ್ಣೀರೇ ಸಾಕಾಗುತ್ತದೆ. ಗದ್ದೆಯ ಕೆಸರು, ಎಣ್ಣೆಯ ಕಲೆ ಇರುವ ಬಟ್ಟೆಯನ್ನು ಅರ್ಧ ಗಂಟೆ ನೆನೆಹಾಕಿದರೆ ಕೊಳೆ ಸುಲಭವಾಗಿ ಬಿಡುತ್ತದೆ. ಕಾಯಿಲೆಯವರ ಬಟ್ಟೆ, ಹೊದಿಕೆಗಳಿಗೆ ಬಿಸಿನೀರು ಬಳಸಲು ಹಿಂಜರಿಯಬಾರದು. ಒಣಗಿಸುವಾಗಲೂ ಇದೇ ಬಗೆಯ ಲೆಕ್ಕವಿದೆ: ಬಟ್ಟೆಯಲ್ಲಿ ಉಳಿದ ಒಂದು ಲೀಟರ್ ನೀರನ್ನು ಶಾಖದಿಂದ ಆವಿ ಮಾಡಲು ಸುಮಾರು 0.67 ಯೂನಿಟ್ ಬೇಕು. ಬಿಸಿಲು ಆ ಕೆಲಸವನ್ನು ಖರ್ಚಿಲ್ಲದೆ ಮಾಡುತ್ತದೆ. ಹಗ್ಗಕ್ಕೆ ಹಾಕುವ ಮುನ್ನ ಕೊಡವಿ, ಸುಕ್ಕು ಬಿಡಿಸಿ ಹರಡಿದರೆ ಇಸ್ತ್ರಿಯ ವಿದ್ಯುತ್ತೂ ಉಳಿಯುತ್ತದೆ.

ನೀರಿನಲ್ಲಿಯೇ ವಿದ್ಯುತ್ತು ಅಡಗಿದೆ ಎಂಬುದನ್ನು ನಾವು ಮರೆಯುತ್ತೇವೆ. ಮೈಸೂರಿನ ನಲ್ಲಿಗೆ ಬರುವ ಕಾವೇರಿಯನ್ನು ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಕಡೆಯಿಂದ ಪಂಪುಗಳು ಎತ್ತಿ ತರುತ್ತವೆ. ಬೋರ್‌ವೆಲ್ಲಿನಲ್ಲಿ 150 ಮೀಟರ್ ಆಳದಿಂದ 1,000 ಲೀಟರ್ ಎತ್ತಲು ಲೆಕ್ಕದ ಪ್ರಕಾರವೇ 0.4 ಯೂನಿಟ್ ಬೇಕು, ಪಂಪಿನ ನಷ್ಟವನ್ನೂ ಸೇರಿಸಿದರೆ ಅದು ಸುಲಭವಾಗಿ ಇಮ್ಮಡಿಯಾಗುತ್ತದೆ.

ಎರಡನೇ ಸಲ ಜಾಲಿಸಿದ ನೀರು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಅದನ್ನು ಚೆಲ್ಲದೆ ಮುಂದಿನ ಸರದಿಯ ಬಟ್ಟೆಯನ್ನು ಮೊದಲ ಸಲ ಜಾಲಿಸಲು ಬಳಸಬಹುದು. ಸೋಪಿನ ನೀರಿನಿಂದ ಬಚ್ಚಲು, ಅಂಗಳ ತೊಳೆಯಬಹುದು, ಕಕ್ಕಸಿಗೆ ಸುರಿಯಬಹುದು. ತೆಂಗಿನ ಬುಡಕ್ಕೆ ಕೊನೆಯ ನೀರನ್ನು ಮಾತ್ರ, ಅದನ್ನೂ ನಡುನಡುವೆ ಶುದ್ಧ ನೀರು ಕೊಡುತ್ತಾ ಬಿಡಬೇಕು. ಡಿಟರ್ಜೆಂಟಿನ ಸೋಡಿಯಂ ದಿನವೂ ಸೇರುತ್ತಾ ಹೋದರೆ ಮಣ್ಣು ಬಿಗಿದುಕೊಂಡು ನೀರು ಒಳಗಿಳಿಯುವುದು ಕಡಿಮೆಯಾಗುತ್ತದೆ. ಬ್ಲೀಚಿಂಗ್ ಪುಡಿ ಹಾಕಿದ ನೀರನ್ನು ಯಾವ ಗಿಡಕ್ಕೂ ಹಾಕಬಾರದು.